ಕಣ್ಣೂರಿನ ಸೇಂಟ್ ಏಂಜಲೋ ಕೋಟೆ: ಚಿಕ್ಕದು ಅಂತ ಓಡಿ ಬರಬೇಡಿ

ಕಣ್ಣೂರಿನ ಕೋಟೆಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಏಪ್ರಿಲ್, ಮಧ್ಯಾಹ್ನ ಹನ್ನೆರಡೂವರೆ. ಬೆಳಿಗ್ಗೆ ಬೇಕಲ ಕೋಟೆ ನೋಡಿಕೊಂಡು, ಹೇಗೂ ದಾರಿಯಲ್ಲೇ ಇದೆಯಲ್ಲ ಅಂತ ಹೋಗಿದ್ದೆವು. ಅರ್ಧ ಗಂಟೆಯೂ ನಿಲ್ಲಲು ಆಗಲಿಲ್ಲ. ಗೋಡೆ ಮೇಲೆ ನೆರಳೇ ಇಲ್ಲ. ಅಮ್ಮನಿಗೆ ತಲೆ ಸುತ್ತು ಬಂದು, ಒಳಗಿನ ಒಂದು ಮರದ ಕೆಳಗೆ ಕೂರಿಸಿ, ನೀರು ಕುಡಿಸಿ ವಾಪಸ್ ಕರೆದುಕೊಂಡು ಬಂದೆವು. ಈ ಜನವರಿಯಲ್ಲಿ ಅದೇ ಅಮ್ಮನ ಜೊತೆ, ಈ ಕೋಟೆ ನೋಡಬೇಕು ಅಂತಲೇ ಹೊರಟೆ. ಎರಡೂವರೆ ಗಂಟೆ ಅಲ್ಲಿದ್ದೆವು, ಸಾಕಾಗಲಿಲ್ಲ. ನೀವೂ ಹೋಗುವವರಿದ್ದರೆ ಮೊದಲು ನಾವು ಮಾಡಿದ ತಪ್ಪು ಮಾಡಬೇಡಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹೋಗಲು ರೈಲೇ ಒಳ್ಳೆಯದು. ಮಂಗಳೂರಿನಿಂದ ಎರಡರಿಂದ ಮೂರು ಗಂಟೆ, ಯಾವ ರೈಲು ಅನ್ನುವುದರ ಮೇಲೆ ಹೋಗುತ್ತದೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗೆ. ಬೆಂಗಳೂರಿನಿಂದ ರಾತ್ರಿ ರೈಲುಗಳಿವೆ, ಒಂದು ಮಂಗಳೂರಿನ ಮೇಲೆ ಬರುತ್ತದೆ, ಇನ್ನೊಂದು ಸೇಲಂ ಮೇಲೆ. ಮೈಸೂರು, ಕೊಡಗಿನ ಕಡೆಯವರಿಗೆ ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ದಾರಿ ಹತ್ತಿರ. ಆದರೆ ಮಳೆಗಾಲದಲ್ಲಿ ಆ ಘಾಟಿ ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ. ಕಣ್ಣೂರು ಸ್ಟೇಷನ್ನಿನಿಂದ ಕೋಟೆಗೆ ಆಟೋ ಸಾಕು, ಎರಡು ಮೂರು ಕಿಲೋಮೀಟರ್ ಅಷ್ಟೇ. ಸುಮ್ನೆ 'ಕೋಟ್ಟ' ಅಂದರೂ ಗೊತ್ತಾಗುತ್ತದೆ. ಕೋಟೆ ಇರುವುದು ಕಂಟೋನ್ಮೆಂಟ್ ಭಾಗದಲ್ಲಿ. ದಾರಿಯಲ್ಲಿ ಸೇನೆಯ ಜಾಗಗಳು ಬರುತ್ತವೆ, ಅಲ್ಲಿ ಮೊಬೈಲ್ ಒಳಗಿಡಿ.

ಒಳಗೆ ಹೋದ ಕೂಡಲೇ ಜನ ಮಾಡುವುದು ಒಂದೇ ಕೆಲಸ. ಸೀದಾ ಫಿರಂಗಿ ಹತ್ತಿರ ಹೋಗುತ್ತಾರೆ, ಫೋಟೋ ತೆಗೆಯುತ್ತಾರೆ, ಇಪ್ಪತ್ತು ನಿಮಿಷಕ್ಕೆ ಹೊರಗೆ. ಬೇಕಲದಷ್ಟು ದೊಡ್ಡದಲ್ಲ, ನಿಜ. ಮೂರು ಮೂಲೆಯ ಕೋಟೆ, ಒಂದು ಸುತ್ತು ಬೇಗ ಮುಗಿಯುತ್ತದೆ. ಆದರೆ ಈ ಕೋಟೆಯ ಕಥೆ ಗೊತ್ತಿದ್ದರೆ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಅದಕ್ಕೇ ಸ್ವಲ್ಪ ಹೇಳಿಬಿಡುತ್ತೇನೆ.

1505ರಲ್ಲಿ ಇದನ್ನು ಕಟ್ಟಿಸಿದ್ದು ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡಾ. ಇಲ್ಲಿನ ಕೋಲತ್ತಿರಿ ರಾಜನ ಒಪ್ಪಿಗೆ ಪಡೆದೇ ಕಟ್ಟಿದ್ದು. ಎರಡೇ ವರ್ಷಕ್ಕೆ ಸಂಬಂಧ ಹಳಸಿತು. ಪೋರ್ಚುಗೀಸರದೇ ಪರವಾನಗಿ ಇದ್ದ ಕಣ್ಣೂರಿನ ಹಡಗೊಂದನ್ನು ಅವರ ನಾಯಕನೊಬ್ಬ ಮುಳುಗಿಸಿದ. ಹೆಣಗಳು ತೇಲಿಕೊಂಡು ಈ ದಡಕ್ಕೇ ಬಂದವು. ಊರು ಸಿಡಿದೆದ್ದಿತು. 1507ರಲ್ಲಿ ಕೋಲತ್ತಿರಿ ಮತ್ತು ಕಲ್ಲಿಕೋಟೆಯ ರಾಜ ಸಾಮೂದಿರಿಯ ಕಡೆಯವರು ಸೇರಿ ಸುಮಾರು ನಾಲ್ಕು ತಿಂಗಳು ಕೋಟೆಗೆ ಮುತ್ತಿಗೆ ಹಾಕಿದರು. ಒಳಗಿದ್ದವರಿಗೆ ತಿನ್ನಲು ಏನೂ ಉಳಿದಿರಲಿಲ್ಲ. ಆಗ ಒಂದು ದಿನ ಅಲೆಯ ಜೊತೆ ಸಿಗಡಿ ಜಾತಿಯವು ರಾಶಿ ರಾಶಿ ದಡಕ್ಕೆ ಬಂದು ಬಿದ್ದವು, ಅದನ್ನು ತಿಂದು ಜೀವ ಉಳಿಸಿಕೊಂಡರು ಅಂತ ಪೋರ್ಚುಗೀಸರು ಬರೆದಿಟ್ಟಿದ್ದಾರೆ. ಆಮೇಲೆ ಅವರ ಹಡಗುಗಳು ಬಂದವು, ಮುತ್ತಿಗೆ ಮುಗಿಯಿತು. ಅಮ್ಮನಿಗೆ ಇದನ್ನು ಗೋಡೆ ಮೇಲೆ ನಿಂತು ಹೇಳಿದೆ. ಅವಳು ಕೆಳಗೆ ಬಂಡೆಗೆ ಬಡಿಯುವ ನೀರನ್ನೇ ಎಷ್ಟೋ ಹೊತ್ತು ನೋಡಿದಳು.

ಇನ್ನೊಂದು ವಿಷಯ. 1510ರಲ್ಲಿ ಗೋವಾ ಹಿಡಿದ ಅಲ್ಬುಕರ್ಕ್ ಇದ್ದನಲ್ಲ, ಅವನನ್ನು ಅದರ ಹಿಂದಿನ ವರ್ಷ ಇದೇ ಕೋಟೆಯಲ್ಲಿ ಕೂಡಿಹಾಕಿದ್ದರು. ಕೂಡಿಹಾಕಿಸಿದವನು ಅಲ್ಮೇಡಾನೇ, ತನ್ನ ಜಾಗಕ್ಕೆ ಬಂದವನಿಗೆ ಅಧಿಕಾರ ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. 1663ರಲ್ಲಿ ಕೋಟೆ ಡಚ್ಚರ ಕೈಗೆ ಹೋಯಿತು. 1772ರಲ್ಲಿ ಅವರು ಕಣ್ಣೂರಿನದೇ ರಾಜಮನೆತನವಾದ ಅರಕ್ಕಲ್‌ನವರಿಗೆ ಮಾರಿದರು. ಅರಕ್ಕಲ್‌ನವರು ಹೈದರಾಲಿಯ ಜೊತೆ, ಆಮೇಲೆ ಟಿಪ್ಪುವಿನ ಜೊತೆ ಇದ್ದವರು. ಹಾಗಾಗಿ ಟಿಪ್ಪುವಿನ ಮೇಲೆ ಬ್ರಿಟಿಷರು ಮೂರನೇ ಯುದ್ಧ ಮಾಡುವಾಗ, 1790ರಲ್ಲಿ, ಇದನ್ನೂ ಹಿಡಿದರು. ನಮ್ಮ ಮೈಸೂರಿನ ಕಥೆ ಇಲ್ಲಿಗೂ ಬಂದು ಮುಟ್ಟುತ್ತದೆ ಅಲ್ವಾ?

ಕುದುರೆ ಲಾಯ ನೋಡದೆ ಬರಬೇಡಿ. ಉದ್ದಕ್ಕೆ ಕಮಾನುಗಳು, ಒಳಗೆ ತಂಪು. ಗೋಡೆಯ ಹತ್ತಿರ ಹೋಗಿ ಕೆಂಪುಕಲ್ಲನ್ನು ಮುಟ್ಟಿ ನೋಡಿ. ಜೇನುಗೂಡಿನ ಹಾಗೆ ತೂತು ತೂತು, ಬೆರಳ ತುದಿ ಒಳಗೆ ಹೋಗುತ್ತದೆ, ತೆಗೆದರೆ ಕೆಂಪು ಪುಡಿ ಅಂಟಿರುತ್ತದೆ. ಡಚ್ ಭಾಷೆಯ ಒಂದು ಸಮಾಧಿ ಕಲ್ಲು ಕೂಡ ಇದೆ, 1745ರದು. ಕೋಟೆಯ ಅಧಿಕಾರಿಯ ಹೆಂಡತಿ ಸುಸಾನಾಳ ಹೆಸರು ಅದರಲ್ಲಿದೆ. ತನ್ನವರ ನಾಡಿನಿಂದ ಅಷ್ಟು ದೂರ ಇಲ್ಲಿ ಮಣ್ಣಾದ ಹೆಣ್ಣುಮಗಳು ಅಂದುಕೊಂಡರೆ ಸಂಕಟವಾಗುತ್ತದೆ. ಕೆಲವು ವರ್ಷಗಳ ಹಿಂದೆ ಪುರಾತತ್ವ ಇಲಾಖೆಯವರು ಅಗೆದಾಗ ಇದೇ ಅಂಗಳದಲ್ಲಿ ಸಾವಿರಾರು ಫಿರಂಗಿ ಗುಂಡುಗಳು ಸಿಕ್ಕವು. ನಾವು ಹುಲ್ಲಿನ ಮೇಲೆ ಕೂರುವಾಗ ಅದು ಗೊತ್ತೇ ಇರುವುದಿಲ್ಲ.

ಕೋಟೆಯ ಮಗ್ಗುಲಲ್ಲೇ ಮಾಪಿಳ ಬೇ ಮೀನುಗಾರಿಕೆ ಬಂದರು. ಮೇಲಿಂದ ದೋಣಿಗಳು ಬಣ್ಣ ಬಣ್ಣವಾಗಿ ಕಾಣುತ್ತವೆ.

ಸಮಯದ ವಿಷಯ ಮುಖ್ಯ. ಬೆಳಿಗ್ಗೆ ತೆರೆದ ಕೂಡಲೇ ಹೋಗಿ, ಇಲ್ಲವಾದರೆ ಮೂರೂವರೆ ಮೇಲೆ. ಸೂರ್ಯ ಮುಳುಗುವುದನ್ನು ಗೋಡೆ ಮೇಲಿಂದಲೇ ನೋಡುತ್ತೇವೆ ಅಂತ ನಂಬಿ ಕೂರಬೇಡಿ, ಅಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗುತ್ತದೆ. ಪಯ್ಯಾಂಬಲಂ ಬೀಚ್ ಹತ್ತಿರವೇ ಇದೆ, ಅದಕ್ಕೆ ಅಲ್ಲಿಗೆ ಹೋಗಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಯಲ್ಲಿ ಕೆಂಪುಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ವಯಸ್ಸಾದವರಿದ್ದರೆ ಬೇಡವೇ ಬೇಡ. ಚಪ್ಪಲಿ ಹಿಡಿತ ಇರುವಂಥದ್ದು ಹಾಕಿಕೊಳ್ಳಿ. ನೀರು, ಕೊಡೆ ಮರೆಯಬೇಡಿ. ಚಿಕ್ಕ ಮಕ್ಕಳ ಕೈ ಗೋಡೆ ಮೇಲೆ ಬಿಡಲೇಬೇಡಿ, ಕೆಳಗೆ ನೇರ ಬಂಡೆ ಇದೆ.

ಇನ್ನೂ ಸಮಯವಿದ್ದರೆ ಆಯಿಕ್ಕರದ ಅರಕ್ಕಲ್ ಮ್ಯೂಸಿಯಂ ನೋಡಿ. ಕೇರಳದ ಒಂದೇ ಒಂದು ಮುಸ್ಲಿಂ ರಾಜಮನೆತನ, ಹೆಂಗಸರೂ ಪಟ್ಟಕ್ಕೆ ಬಂದು 'ಅರಕ್ಕಲ್ ಬೀವಿ' ಆಗಿ ಆಳಿದ ಮನೆ. ಕೋಟೆ ನೋಡಿದ ಮೇಲೆ ಹೋದರೆ ಕಥೆಯ ಇನ್ನೊಂದು ಮಗ್ಗುಲು ಸಿಗುತ್ತದೆ. ಮುಳಪ್ಪಿಲಂಗಾಡ್ ಬೀಚ್ ಮತ್ತು ತಲಶ್ಶೇರಿ ಕೋಟೆಯನ್ನು ಅದೇ ದಿನಕ್ಕೆ ತುರುಕಬೇಡಿ. ಅವೆರಡೂ ಒಂದೇ ದಾರಿಯಲ್ಲಿವೆ, ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ನಾವು ಹಾಗೇ ಮಾಡಿದೆವು. ತಲಶ್ಶೇರಿಯಲ್ಲಿ ಸಣ್ಣಕ್ಕಿಯ ಬಿರಿಯಾನಿ ತಿಂದು, ಸಂಜೆ ರೈಲು ಹತ್ತಿದೆವು. ಮನೆಗೆ ಬಂದು ನೋಡಿದರೆ ಅಮ್ಮನ ಸೀರೆ ಸೆರಗಿನ ಅಂಚಿನಲ್ಲಿ ಆ ಕೆಂಪು ಪುಡಿ ಇನ್ನೂ ಇತ್ತು.