ಬೆಳಗಿನ ಆರೂವರೆಯ ಗ್ರಾನ್ ವಿಯಾ: ಮ್ಯಾಡ್ರಿಡ್ ಚಿತ್ರಕಾರರ ಜಾಡಿನಲ್ಲಿ

ಚಿತ್ರ ನೋಡಲೆಂದೇ ಮ್ಯಾಡ್ರಿಡ್‌ಗೆ ಹೋಗುವವರು ಸಾಮಾನ್ಯವಾಗಿ ಮೊದಲ ದಿನ ಪ್ರಾದೊ, ಎರಡನೆಯ ದಿನ ರೇನಾ ಸೋಫಿಯಾ, ಸಮಯ ಉಳಿದರೆ ತೀಸೆನ್ ಎಂದು ಕಲಾ ಸಂಗ್ರಹಾಲಯಗಳ ಲೆಕ್ಕ ಹಾಕುತ್ತಾರೆ. ಈ ನಗರವನ್ನೇ ಜೀವನವಿಡೀ ಬಿಡಿಸಿದವರನ್ನು ಹುಡುಕಿ ಹೊರಟವರಿಗೆ ಆ ಲೆಕ್ಕ ಸಾಲದು. ಸ್ಪೇನಿನ ವಾಸ್ತವವಾದಿ ಚಿತ್ರಕಾರ ಆಂಟೋನಿಯೊ ಲೋಪೆಸ್ ಗಾರ್ಸಿಯಾ ಅವರ, ನಗರದ ಮುಖ್ಯ ಬೀದಿಯ ಹೆಸರು ಹೊತ್ತ, ಅತಿ ಹೆಸರಾದ ಚಿತ್ರ ‘ಗ್ರಾನ್ ವಿಯಾ’ ಖಾಸಗಿ ಸಂಗ್ರಹದಲ್ಲಿದೆ. ಅವರ ‘ಕೈತೊಳೆಯುವ ಬೇಸಿನ್ ಮತ್ತು ಕನ್ನಡಿ’ ಇರುವುದು ಅಮೆರಿಕದ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ. ಅವರ ಗೆಳತಿ, ಚಿತ್ರಕಾರ್ತಿ ಇಸಾಬೆಲ್ ಕಿಂತಾನಿಯಾ ಅವರ ಅನೇಕ ಒಳ್ಳೆಯ ಕೃತಿಗಳು ಜರ್ಮನಿ ಸೇರಿವೆ. ಮ್ಯಾಡ್ರಿಡ್‌ನಲ್ಲಿ ಖಚಿತವಾಗಿ ಸಿಗುವುದು ಅವರು ನಿಂತ ಜಾಗ ಮತ್ತು ಅವರು ಕಾದ ಹೊತ್ತು. ಆದ್ದರಿಂದ ಮೊದಲು ಬೀದಿಗೆ, ಅದೂ ಚಿತ್ರಕಾರನ ಗಂಟೆಗೆ ಹೋಗಬೇಕು, ಸಂಗ್ರಹಾಲಯ ಆಮೇಲೆ.

ಶುರು ಮಾಡಬೇಕಾದದ್ದು ಅಲ್ಕಲಾ ಬೀದಿಯಿಂದ ಗ್ರಾನ್ ವಿಯಾ ಕವಲೊಡೆಯುವ ಕಡೆ. ಹತ್ತಿರದ ಮೆಟ್ರೊ ನಿಲ್ದಾಣಗಳು ಎರಡನೇ ಮಾರ್ಗದ ಬಾಂಕೊ ದೆ ಎಸ್ಪಾನ್ಯಾ ಮತ್ತು ಸೆವಿಯಾ. 1974ರಲ್ಲಿ ಲೋಪೆಸ್ ಇಲ್ಲಿ ಹಲಗೆ ನಿಲ್ಲಿಸಿ ಕೆಲಸ ಆರಂಭಿಸಿದರು, 1981ರಲ್ಲಿ ಮುಗಿಸಿದರು. ಚಿತ್ರದ ಅಳತೆ ಕೇಳಿದರೆ ಅಚ್ಚರಿಯಾಗುತ್ತದೆ: 90.5 × 93.5 ಸೆಂ.ಮೀ., ಹೆಚ್ಚುಕಡಿಮೆ ಚೌಕ. ಅಷ್ಟು ಜಾಗ ತುಂಬಿಸಲು ಏಳು ವರ್ಷ ಹಿಡಿದದ್ದಕ್ಕೆ ಕಾರಣ ಕೈ ನಿಧಾನವಾದದ್ದಲ್ಲ. ಅವರಿಗೆ ಬೇಕಿದ್ದುದು ಬೇಸಿಗೆಯ ಮುಂಜಾನೆಯ ಒಂದೇ ಒಂದು ಬೆಳಕು. ಅದು ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಇರುತ್ತದೆ, ಆಮೇಲೆ ನೆರಳಿನ ಬಣ್ಣವೇ ಬದಲಾಗುತ್ತದೆ. ಕೆಲವು ವಾರ ಕಳೆದರೆ ಸೂರ್ಯ ಹುಟ್ಟುವ ಕೋನ ಜರುಗಿ ಹೋಗುತ್ತದೆ; ಅಲ್ಲಿಗೆ ಆ ವರ್ಷದ ಕೆಲಸ ಮುಗಿದಂತೆ, ಉಳಿದದ್ದು ಮುಂದಿನ ಬೇಸಿಗೆಗೆ. ಈ ನಡುವೆ ನಗರವೂ ಸುಮ್ಮನಿರುವುದಿಲ್ಲ; ಅಂಗಡಿಯ ಬೋರ್ಡು, ದೀಪ, ರಸ್ತೆಯ ಗೆರೆ ಎಲ್ಲವೂ ಬದಲಾಗುತ್ತವೆ. ಏಳು ಬೇಸಿಗೆಗಳ ಬೆಳಗು ಒಂದೇ ಬೆಳಗಾಗಿ ಕೂಡಿಕೊಂಡಿರುವ ಚಿತ್ರ ಅದು. ಜನರಿಲ್ಲ, ವಾಹನಗಳಿಲ್ಲ, ಗಡಿಯಾರ 6.30 ತೋರಿಸುತ್ತದೆ.

ನಮ್ಮ ಕಡೆಯಿಂದ ಹೋದವರು ಇಲ್ಲಿ ಸಮಯದ ವಿಷಯದಲ್ಲಿ ಎಡವುತ್ತಾರೆ. ಮ್ಯಾಡ್ರಿಡ್ ಗ್ರೀನಿಚ್‌ಗಿಂತ ಪಶ್ಚಿಮಕ್ಕಿದ್ದರೂ ಗಡಿಯಾರ ಬರ್ಲಿನ್‌ನದು, ಬೇಸಿಗೆಯಲ್ಲಿ ಅದನ್ನು ಇನ್ನೂ ಒಂದು ಗಂಟೆ ಮುಂದಿಡುತ್ತಾರೆ. ಹೀಗಾಗಿ ಜೂನ್ ಕೊನೆಯಲ್ಲಿ ಸೂರ್ಯೋದಯ 6.45ರ ಸುಮಾರಿಗೆ, ಜುಲೈ ಕೊನೆಗೆ ಏಳು ದಾಟಿ, ಆಗಸ್ಟ್ ಕೊನೆಗೆ ಏಳೂವರೆ ಮೀರಿ. ಡಿಸೆಂಬರ್‌ನಲ್ಲಿ ಎಂಟೂವರೆ. ಚಿತ್ರದ ಬೆಳಕು ಬೇಕೆಂದರೆ ಜೂನ್ ಎರಡನೇ ವಾರದಿಂದ ಜುಲೈ ಮಧ್ಯದೊಳಗೆ ಹೋಗಬೇಕು, ಬೆಳಗ್ಗೆ 6.15ಕ್ಕೆ ಜಾಗದಲ್ಲಿರಬೇಕು. ಮೆಟ್ರೊ ಬಾಗಿಲು ತೆರೆಯುವುದೇ ಆರು ಗಂಟೆಗೆ. ದೂರದಲ್ಲಿ ಉಳಿದುಕೊಂಡವರು ಮೊದಲ ರೈಲು ಹಿಡಿದರೂ ತಡವಾಗುತ್ತದೆ. ರಾತ್ರಿ ಬಸ್ಸುಗಳು ಸಿಬೇಲೆಸ್ ಚೌಕಕ್ಕೆ ಬರುತ್ತವೆ. ಅಲ್ಲಿಂದ ಅಲ್ಕಲಾ ಬೀದಿಯಲ್ಲಿ ಐದು ನಿಮಿಷ ನಡೆದರೆ ಸಾಕು. ವಾರದ ದಿನಕ್ಕಿಂತ ಭಾನುವಾರ ವಾಸಿ ಎನ್ನಿಸಬಹುದು. ಆದರೆ ಭಾನುವಾರ ಆ ಹೊತ್ತಿಗೆ ಶನಿವಾರದ ರಾತ್ರಿ ಇನ್ನೂ ಮುಗಿದಿರುವುದಿಲ್ಲ: ಕುಡಿದು ಮನೆಗೆ ಹೊರಟವರು, ಟ್ಯಾಕ್ಸಿಗಳ ಸಾಲು. ಖಾಲಿ ರಸ್ತೆ ಬೇಕಾದವರು ಮಂಗಳವಾರ, ಬುಧವಾರ ಆರಿಸಿಕೊಳ್ಳುವುದು ಒಳ್ಳೆಯದು.

ನಿಂತಾಗ ಎಡಕ್ಕೆ ಮೆತ್ರೊಪೊಲಿಸ್ ಕಟ್ಟಡ. 1911ರಲ್ಲಿ ಉದ್ಘಾಟನೆಯಾದ ಇದರ ಗುಮ್ಮಟದ ಕಡೆಗೇ ಎಲ್ಲರ ಕ್ಯಾಮೆರಾ ತಿರುಗುತ್ತದೆ. ಲೋಪೆಸ್ ಅವರ ನೋಟ ಅದಲ್ಲ. ಪಕ್ಕದ, ಗ್ರಾನ್ ವಿಯಾದ 1ನೇ ಸಂಖ್ಯೆಯ ಕಟ್ಟಡವನ್ನು ಎಡಕ್ಕೆ ಬಿಟ್ಟುಕೊಂಡು ಮೇಲಕ್ಕೇರುವ ರಸ್ತೆಯನ್ನು ನೋಡಿ. ಸೂರ್ಯ ನಿಮ್ಮ ಬೆನ್ನ ಕಡೆಯಿಂದ ಬರುತ್ತಾನೆ. ಹೀಗಾಗಿ ಮೊದಲು ಬೆಳಗುವುದು ಮೇಲಿನ ಮಹಡಿಗಳು, ರಸ್ತೆ ಬೂದುನೀಲಿಯ ನೆರಳಲ್ಲೇ ಇರುತ್ತದೆ. ಹತ್ತು ನಿಮಿಷ ಒಂದೇ ಕಿಟಕಿಯನ್ನು ನೋಡುತ್ತಿದ್ದರೆ ಬಣ್ಣ ಜಾರುವುದು ಕಣ್ಣಿಗೇ ಕಾಣುತ್ತದೆ. ಫೋನಿನ ಸಾಮಾನ್ಯ ಲೆನ್ಸ್ ಅಗಲವಾದದ್ದು. ದೂರದ ಕಟ್ಟಡಗಳನ್ನು ಕುಗ್ಗಿಸಿ ಹತ್ತಿರದ ಡಾಂಬರನ್ನು ಹಿಗ್ಗಿಸುತ್ತದೆ. ಎರಡು ಪಟ್ಟು ಹತ್ತಿರ ಮಾಡಿ ತೆಗೆದರೆ ಕಣ್ಣಿನ ಅಳತೆಗೆ ಹೆಚ್ಚು ಸಮೀಪ. 2018ರಲ್ಲಿ ಕಾಲುದಾರಿ ಅಗಲಗೊಳಿಸಿ ಗಿಡ, ಬೆಂಚು ಹಾಕಿದ್ದಾರೆ. ಚಿತ್ರದ ಬೋಳು ರಸ್ತೆ ಈಗ ಹಾಗೆಯೇ ಇಲ್ಲ.

ಸ್ಥಳದಲ್ಲೇ ಚಿತ್ರ ಬಿಡಿಸುವ ಆಸೆಯಿದ್ದವರಿಗೆ ಒಂದು ಮಾತು. ಟರ್ಪೆಂಟೈನ್ ಬೇಗ ಹೊತ್ತಿಕೊಳ್ಳುವ ದ್ರವ. ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ದೊಡ್ಡ ಪೆಟ್ಟಿಗೆಗೂ ಇಲ್ಲ. ಅಲ್ಲಿಯೇ ಕೊಳ್ಳಬೇಕು, ಅಲ್ಲಿಯೇ ಬಿಟ್ಟು ಬರಬೇಕು. ಜಲವರ್ಣ ಸುಲಭ, ಆದರೆ ಮ್ಯಾಡ್ರಿಡ್‌ನ ಬೇಸಿಗೆ ಗಾಳಿ ಎಷ್ಟು ಒಣ ಎಂದರೆ ಬಣ್ಣ ಹರಡುವ ಮೊದಲೇ ಅಂಚು ಕಟ್ಟುತ್ತದೆ. ಕಾಗದವನ್ನು ಮೊದಲೇ ತೇವ ಮಾಡಿಕೊಳ್ಳಬೇಕು. ಕಾಲುದಾರಿಗೆ ಅಡ್ಡವಾಗಿ ಈಸೆಲ್ ನಿಲ್ಲಿಸುವುದಕ್ಕಿಂತ ಕೈಯಲ್ಲಿ ಹಿಡಿಯುವ ಪುಸ್ತಕ, ಪೆನ್ಸಿಲ್ ಸಾಕು. ಅರ್ಧ ಗಂಟೆಯಲ್ಲಿ ಆಗುವುದು ಕಟ್ಟಡಗಳ ಎತ್ತರದ ಅನುಪಾತ ಮತ್ತು ಎರಡು ಮೂರು ಬಣ್ಣಗಳ ಗುರುತು. ಮಾರನೆಯ ದಿನ ಅದೇ ಜಾಗದಲ್ಲಿ, ಅದೇ ಕಲ್ಲಿನ ಮೇಲೆ ಕಾಲಿಟ್ಟು ಮುಂದುವರಿಸಬೇಕು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಹತ್ತಿರದ ಮೂಲೆ ದೂರದ ಕಿಟಕಿಗಳನ್ನು ಮುಚ್ಚಿಬಿಡುತ್ತದೆ, ಹಿಂದಿನ ದಿನದ ಗೆರೆ ಕೂಡುವುದಿಲ್ಲ.

ಬೆಳಗು ಮುಗಿದ ಮೇಲೆ ಅದೇ ಅಲ್ಕಲಾ ಬೀದಿಯ 13ನೇ ಸಂಖ್ಯೆಗೆ ನಡೆದರೆ ಸಾನ್ ಫೆರ್ನಾಂದೊ ಲಲಿತಕಲಾ ಅಕಾಡೆಮಿ. ಐವತ್ತರ ದಶಕದಲ್ಲಿ ಈ ಗೆಳೆಯರೆಲ್ಲ ಸಾನ್ ಫೆರ್ನಾಂದೊ ಶಾಲೆಯ ವಿದ್ಯಾರ್ಥಿಗಳು: ಲೋಪೆಸ್, ಅವರ ಪತ್ನಿ ಮರಿಯಾ ಮೊರೆನೊ, ಕಿಂತಾನಿಯಾ, ಅವರ ಪತಿ ಶಿಲ್ಪಿ ಫ್ರಾನ್ಸಿಸ್ಕೊ ಲೋಪೆಸ್ ಎರ್ನಾಂದೆಸ್. ಸ್ಪೇನಿನಲ್ಲಿ ಅಮೂರ್ತ ಕಲೆ ಎಲ್ಲರ ಗಮನ ಸೆಳೆದ ಕಾಲ ಅದು. ಇವರು ಬೀದಿ, ಬಾತ್‌ರೂಮು, ಊಟದ ಮೇಜು ಬಿಟ್ಟು ಕದಲಲಿಲ್ಲ. ಅಕಾಡೆಮಿಯ ಸಂಗ್ರಹಾಲಯಕ್ಕೆ ಬುಧವಾರ ಪ್ರವೇಶ ಉಚಿತ, ಸೋಮವಾರ ರಜೆ. ಗೋಯಾ ಚಿತ್ರಗಳಿರುವ ಕೋಣೆಯೊಂದೇ ನೋಡಿದರೂ ನಷ್ಟವಿಲ್ಲ.

ಕಿಂತಾನಿಯಾ ನಮಗೆ ಇವರೆಲ್ಲರಲ್ಲಿ ಅತ್ಯಂತ ಆಪ್ತರು. 1938ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದರು, 2017ರಲ್ಲಿ ತೀರಿಕೊಂಡರು. ತಂದೆ ಗಣರಾಜ್ಯದ ಪಕ್ಷದವರು. ಸ್ಪೇನಿನ ಅಂತರ್ಯುದ್ಧ ಮುಗಿದ ಮೇಲೆ ಸರ್ವಾಧಿಕಾರಿ ಫ್ರಾಂಕೊ ಸರ್ಕಾರದ ಜೈಲಿನಲ್ಲಿ ಸತ್ತರು. ತಾಯಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದರು. ‘ನನ್ನ ತಾಯಿಗೆ ನಮನ’ ಎಂಬ 1971ರ ಚಿತ್ರದಲ್ಲಿ ತಾಯಿ ಇಲ್ಲ, ಹೊಲಿಗೆ ಯಂತ್ರ ಇದೆ. ಯಾರೂ ಕೂತಿರದ ಕುರ್ಚಿ, ಹಚ್ಚಿಟ್ಟ ದೀಪ, ಕಿಟಕಿಯಾಚೆ ರಾತ್ರಿ: ಮನೆಯೊಳಗಿನ ವಸ್ತುಗಳಲ್ಲೇ ಅವರು ಮನುಷ್ಯರ ಇರವನ್ನು ಹಿಡಿದರು. ಮತ್ತೆ ಮತ್ತೆ ಬಿಡಿಸಿದ್ದು ಒಂದು ಸಾದಾ ಡ್ಯುರಾಲೆಕ್ಸ್ ಗಾಜಿನ ಲೋಟ. 2024ರ ಫೆಬ್ರುವರಿಯಿಂದ ಜೂನ್‌ವರೆಗೆ ತೀಸೆನ್‌ನಲ್ಲಿ ನಡೆದ ಅವರ ದೊಡ್ಡ ಪ್ರದರ್ಶನದಲ್ಲಿ ಸುಮಾರು 90 ಕೃತಿಗಳಿದ್ದವು. ಅದಕ್ಕಾಗಿ ತಂದ ಎಷ್ಟೋ ಚಿತ್ರಗಳು ಜರ್ಮನಿಗೆ ಮರಳಿವೆ. ಕ್ಯಾಟಲಾಗ್‌ ಕೊಂಡರೆ ಅವನ್ನೆಲ್ಲ ಒಟ್ಟಿಗೆ ನೋಡಬಹುದು. ತೀಸೆನ್‌ನ ಶಾಶ್ವತ ಸಂಗ್ರಹಕ್ಕೆ ಸೋಮವಾರ ಮಧ್ಯಾಹ್ನ 12ರಿಂದ 4ರವರೆಗೆ ಉಚಿತ ಪ್ರವೇಶ. ಆ ಗಾಜಿನ ಲೋಟದ ಗುಣ ತಿಳಿಯಬೇಕಾದರೆ ಹಳೆಯ ಬಾರ್‌ನಲ್ಲಿ ಹಾಲಿನ ಕಾಫಿ ಕೇಳುವಾಗ ‘ಎನ್ ವಾಸೊ’ ಎಂದು ಸೇರಿಸಿ. ಕಪ್ಪಿನ ಬದಲು ಗಾಜಿನ ಲೋಟದಲ್ಲಿ ಕೊಡುತ್ತಾರೆ. ಬೆಳಕಿಗೆ ಎದುರಾಗಿ ಕೂತು ಆ ಲೋಟದ ತಳದ ದಪ್ಪ ಗಾಜಿನಲ್ಲಿ ಕಿಟಕಿ ತಲೆಕೆಳಗಾಗಿ ಕಾಣುವುದನ್ನು ನೋಡಿ. ಅದನ್ನು ಬಣ್ಣದಲ್ಲಿ ನಿಲ್ಲಿಸುವುದು ಎಷ್ಟು ಕಷ್ಟ ಎಂಬುದು ಆಗ ಅರ್ಥವಾಗುತ್ತದೆ.

ಚಿತ್ರಕಾರ್ತಿ ಅಮಾಲಿಯಾ ಆವಿಯಾ ಅವರ ಮ್ಯಾಡ್ರಿಡ್ ಬೇರೆ. ತೊಲೆದೊ ಪ್ರಾಂತದ ಹಳ್ಳಿಯಲ್ಲಿ 1930ರಲ್ಲಿ ಹುಟ್ಟಿದ ಇವರೂ ಅಂತರ್ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡವರು. ಬೂದು, ಕಂದು ಬಣ್ಣಗಳಲ್ಲಿ ಮುಚ್ಚಿದ ಬಾಗಿಲು, ಸವೆದ ಗೋಡೆ, ಹಳೆಯ ಅಂಗಡಿಯ ಮುಂಭಾಗ ಬಿಡಿಸಿದರು. ಅವರ ಬೀದಿಗಳನ್ನು ಕಾಣಲು ಮಧ್ಯಾಹ್ನ 2ರಿಂದ 5ರ ನಡುವೆ ಹೋಗಬೇಕು. ಆಗ ಸಣ್ಣ ಅಂಗಡಿಗಳು ಶಟರ್ ಇಳಿಸುತ್ತವೆ. ಲಾವಪಿಯೆಸ್‌ನ ಇಳಿಜಾರು ಬೀದಿಗಳಿಗೆ ವಾರದ ದಿನವೇ ಸರಿ. ಭಾನುವಾರ ಪಕ್ಕದಲ್ಲೇ ರಾಸ್ತ್ರೊ ಸಂತೆ, ಕಾಲಿಡಲು ಜಾಗವಿರದು. ಭಾನುವಾರ ಬೆಳಗ್ಗೆ ಮಲಸಾನ್ಯಾ ಕಡೆ ನಡೆಯಬಹುದು. ಈಗ ಬಹಳಷ್ಟು ಶಟರ್‌ಗಳ ಮೇಲೆ ಸ್ಪ್ರೇ ಬಣ್ಣದ ಬರಹ, ಆವಿಯಾ ಕಂಡ ಮಸುಕು ಅಲ್ಲಿ ಸಿಗದು. ಮರದ ಬಾಗಿಲು, ಕಬ್ಬಿಣದ ಕೊಂಡಿ, ಗಾರೆ ಕಿತ್ತ ಅಡಿಪಾಯ ಇರುವ ಹಿಂಬದಿಯ ಓಣಿಗಳನ್ನು ಹುಡುಕಬೇಕು. (ಲಾವಪಿಯೆಸ್ ಬೀದಿಯಲ್ಲಿ ಭಾರತೀಯ, ಬಾಂಗ್ಲಾದೇಶಿ ಹೋಟೆಲುಗಳ ಸಾಲೇ ಇದೆ. ಸಸ್ಯಾಹಾರಿಗಳು ಊಟವನ್ನು ಇಲ್ಲಿಗೆ ಹೊಂದಿಸಿಕೊಳ್ಳುವುದು ಜಾಣತನ.)

ಲಾವಪಿಯೆಸ್‌ನಿಂದ ಮೇಲಕ್ಕೆ ಹತ್ತು ನಿಮಿಷ ಹತ್ತಿದರೆ ಅಂತೋನ್ ಮಾರ್ತಿನ್ ಚೌಕ. ಅಲ್ಲಿ ಚಿತ್ರಕಾರ ಹ್ವಾನ್ ಹೆನೊವೆಸ್ ಅವರ ‘ಅಪ್ಪುಗೆ’ ಚಿತ್ರದ ಶಿಲ್ಪರೂಪವಿದೆ. ಮೂಲಚಿತ್ರ 1976ರದು, ರಾಜಕೀಯ ಕೈದಿಗಳ ಕ್ಷಮಾದಾನಕ್ಕಾಗಿ ನಡೆದ ಹೋರಾಟದ ಪೋಸ್ಟರ್ ಆಗಿ ಊರೂರು ಸೇರಿತು. 1977ರ ಜನವರಿ 24ರಂದು ಇದೇ ಅತೋಚಾ ಬೀದಿಯ 55ನೇ ಸಂಖ್ಯೆಯ ಕಚೇರಿಯಲ್ಲಿ ಕಾರ್ಮಿಕರ ಪರ ವಕೀಲರ ಮೇಲೆ ಬಲಪಂಥೀಯ ಬಂದೂಕುಧಾರಿಗಳು ಗುಂಡು ಹಾರಿಸಿ ಐವರನ್ನು ಕೊಂದರು. ಶಿಲ್ಪ ನಿಂತಿರುವುದು ಅವರ ನೆನಪಿಗೆ. ಮೆಟ್ರೊ ಬಾಯಿಂದ ಹೊರಬರುವ ಜನ ಅದನ್ನು ಸುತ್ತಿ ಹೋಗುತ್ತಿರುತ್ತಾರೆ. ಹೆನೊವೆಸ್ ಗುಂಪುಗಳನ್ನು ಮೇಲಿನಿಂದ ಕಂಡಂತೆ, ಒಬ್ಬೊಬ್ಬರಿಗೂ ಒಂದು ನೆರಳು ಕೊಟ್ಟು ಬಿಡಿಸಿದವರು. ಶಿಲ್ಪ ನೋಡುವಾಗ ಬೆನ್ನುಗಳನ್ನು ಗಮನಿಸಿ. ಮುಖ ಕಾಣದಿದ್ದರೂ ಯಾರು ಎಷ್ಟು ಬಿಗಿಯಾಗಿ ತಬ್ಬಿದ್ದಾರೆ ಎಂಬುದು ತಿಳಿಯುತ್ತದೆ.

ಸಂಜೆಗೆ ನಗರದ ಆಗ್ನೇಯದ ಬಡಾವಣೆ ವಯೇಕಾಸ್. ಲೋಪೆಸ್ ಅವರ ‘ವಯೇಕಾಸ್ ಅಗ್ನಿಶಾಮಕ ಗೋಪುರದಿಂದ ಮ್ಯಾಡ್ರಿಡ್’ ಕೆಲಸ 1990ರಿಂದ 2006ರವರೆಗೆ ನಡೆಯಿತು. 2.50 ಮೀಟರ್ ಎತ್ತರ, 4.06 ಮೀಟರ್ ಅಗಲ. ಮ್ಯಾಡ್ರಿಡ್ ಪ್ರಾಂತ್ಯದ ಶಾಸನಸಭೆಗಾಗಿ ಮಾಡಿದ್ದು. ಸಭೆಯ ಕಟ್ಟಡ ವಯೇಕಾಸ್‌ನಲ್ಲೇ ಇದೆ. ಅದು ಸಂಗ್ರಹಾಲಯವಲ್ಲ, ಮೊದಲೇ ಬರೆದು ಭೇಟಿ ಗೊತ್ತುಮಾಡಿಕೊಳ್ಳದೆ ಬಾಗಿಲಿಗೆ ಹೋದರೆ ಪ್ರಯೋಜನವಿಲ್ಲ. ಅಗ್ನಿಶಾಮಕ ಗೋಪುರಕ್ಕೂ ಸಾರ್ವಜನಿಕರನ್ನು ಬಿಡುವುದಿಲ್ಲ. 1982ರಲ್ಲಿ ಮುಗಿದ ಇನ್ನೊಂದು ದೊಡ್ಡ ನಗರನೋಟಕ್ಕೆ ನೆಲೆಯಾದ ತೋರೆಸ್ ಬ್ಲಾಂಕಾಸ್ ಜನ ವಾಸಿಸುವ ಕಟ್ಟಡ, ಹೊರಗಿನಿಂದ ನೋಡಿ ಬರಬಹುದಷ್ಟೆ. ಹಾಗಾಗಿ ಎತ್ತರದ ನೋಟಕ್ಕೆ ಸೆರ್ರೊ ದೆಲ್ ತೀಯೊ ಪೀಯೊ ಉದ್ಯಾನವೇ ಗತಿ. ಒಂದನೇ ಮೆಟ್ರೊ ಮಾರ್ಗದ ಬ್ವೆನೊಸ್ ಐರೆಸ್ ನಿಲ್ದಾಣದಲ್ಲಿ ಇಳಿದು ನಡೆಯಬೇಕು. ಹುಲ್ಲು ಹೊದ್ದ ದಿಬ್ಬಗಳ ಮೇಲಿಂದ ಇಡೀ ನಗರ ಪಶ್ಚಿಮಕ್ಕೆ ಚಾಚಿಕೊಂಡಿರುತ್ತದೆ, ಹಿಂದೆ ಗ್ವಾದರ್ರಾಮ ಬೆಟ್ಟಸಾಲು. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 9.45ರ ನಂತರ, ಎಂಟೂವರೆಗೇ ತಲುಪಿ, ಏಕೆಂದರೆ ಮುಳುಗುವ ಕ್ಷಣದಲ್ಲಿ ಕಣ್ಣೆದುರಿನ ಬೆಳಕಿಗೆ ಕಟ್ಟಡಗಳ ವಿವರ ಕರಗಿ ಹೋಗುತ್ತದೆ. ಸೂರ್ಯಾಸ್ತ ನೋಡಲು ಸೇರಿದ ಗುಂಪು ಕೈತಟ್ಟುವುದು ಆ ಕ್ಷಣಕ್ಕೆ. ಚಿತ್ರ ಪ್ರಿಯರಿಗೆ ಬೇಕಾದದ್ದು ಅದಕ್ಕೂ ಒಂದು ಗಂಟೆ ಮೊದಲಿನದು. ಕುಡಿಯುವ ನೀರು, ತೆಳು ಮೇಲಂಗಿ ಇರಲಿ.

ಇದಾದ ಮರುದಿನ ಪ್ರಾದೊದಲ್ಲಿ ಗೋಯಾ 1788ರಲ್ಲಿ ಬಿಡಿಸಿದ ‘ಸಾನ್ ಇಸಿದ್ರೊ ಬಯಲು’ ಹುಡುಕಿ. ನದಿಯಾಚೆ ನಿಂತು ಕಂಡ ಮ್ಯಾಡ್ರಿಡ್, ಎತ್ತರ 42 ಸೆಂ.ಮೀ. ಕೂಡ ಇಲ್ಲ, ಆದರೂ ಊರಿಡೀ ಅದರಲ್ಲಿದೆ. ವಯೇಕಾಸ್ ದಿಬ್ಬ ನೋಡಿ ಬಂದ ಕಣ್ಣಿಗೆ ಅದರ ಬೆಳಕು ಬೇರೆಯಾಗಿಯೇ ಕಾಣುತ್ತದೆ. ಪ್ರಾದೊ ಸೋಮವಾರದಿಂದ ಶನಿವಾರ ಸಂಜೆ 6ರಿಂದ 8 ಉಚಿತ, ಸರತಿ ಉದ್ದ. ಆ ಎರಡು ಗಂಟೆಯಲ್ಲಿ ಒಂದೆರಡು ಕೋಣೆಗಿಂತ ಹೆಚ್ಚು ಆಸೆಪಡಬಾರದು. ರೇನಾ ಸೋಫಿಯಾ ಮಂಗಳವಾರ ಮುಚ್ಚಿರುತ್ತದೆ. ಅಲ್ಲಿ ಲೋಪೆಸ್ ಅವರ ಮರದ ಶಿಲ್ಪ ‘ಗಂಡಸು ಮತ್ತು ಹೆಂಗಸು’ ಇದೆ; ಕೆಲಸ 1968ರಲ್ಲಿ ಶುರುವಾಗಿ ದಶಕಗಳು ನಡೆಯಿತು. ಸಂಗ್ರಹದ ಕೃತಿಗಳನ್ನು ಆಗಾಗ ಬದಲಿಸಿ ಇಡುವುದರಿಂದ, ಹೋಗುವ ವಾರ ಅದು ಪ್ರದರ್ಶನದಲ್ಲಿದೆಯೇ ಎಂದು ಸಂಗ್ರಹಾಲಯದ ಜಾಲತಾಣದಲ್ಲಿ ನೋಡಿಕೊಳ್ಳಿ. ಹತ್ತಿರದ ಅತೋಚಾ ರೈಲು ನಿಲ್ದಾಣದ ಹೊರಗಿನ ಅವರ ಎರಡು ಬೃಹತ್ ಕಂಚಿನ ಮಗುವಿನ ತಲೆಗಳಿಗೆ ಟಿಕೆಟ್ಟಿಲ್ಲ, ಸಮಯದ ಮಿತಿಯಿಲ್ಲ. ‘ಹಗಲು’ ಕಣ್ಣು ತೆರೆದಿದೆ, ‘ರಾತ್ರಿ’ ಮುಚ್ಚಿದೆ. 2008ರಿಂದ ಅಲ್ಲಿವೆ.

ಒಂದು ದಿನ ಹೆಚ್ಚಿದ್ದರೆ ತೊಮೆಯೋಸೊಗೆ ಹೋಗಲೇಬೇಕು. ಲಾ ಮಾಂಚಾದ ದ್ರಾಕ್ಷಿ ತೋಟಗಳ ನಡುವಿನ ಈ ಊರಿನಲ್ಲಿ 1936ರಲ್ಲಿ ಲೋಪೆಸ್ ಹುಟ್ಟಿದರು. ಮ್ಯಾಡ್ರಿಡ್‌ನಿಂದ ಸುಮಾರು 180 ಕಿ.ಮೀ., ಬಸ್ಸೇ ಅನುಕೂಲ. ಆಗಸ್ಟ್ ತಿಂಗಳು ಬೇಡ. ಬಿಸಿಲು 38 ಡಿಗ್ರಿ ಮುಟ್ಟುತ್ತದೆ, ಊರುಗಳಲ್ಲಿ ಎಷ್ಟೋ ಬಾಗಿಲುಗಳು ರಜೆಯ ಚೀಟಿ ಅಂಟಿಸಿಕೊಂಡಿರುತ್ತವೆ. ಇಲ್ಲಿ ನೋಡಬೇಕಾದದ್ದು ಅವರ ಚಿಕ್ಕಪ್ಪ ಆಂಟೋನಿಯೊ ಲೋಪೆಸ್ ತೋರೆಸ್ ಅವರ ಸಂಗ್ರಹಾಲಯ. ವಾಸ್ತುಶಿಲ್ಪಿ ಫೆರ್ನಾಂದೊ ಇಗೇರಾಸ್ ರೂಪಿಸಿದ ಕಟ್ಟಡ, 1986ರಲ್ಲಿ ತೆರೆಯಿತು. ಚಿಕ್ಕಪ್ಪ ತಮ್ಮ ಚಿತ್ರಗಳನ್ನು ಮಾರಲು ಮನಸ್ಸು ಮಾಡಿದವರಲ್ಲ, ಹಾಗಾಗಿ ಬಯಲು, ಸುಗ್ಗಿ, ಹೊಲದ ಜನ ಎಲ್ಲ ಒಂದೇ ಸೂರಿನಡಿ ಉಳಿದಿವೆ. ಅಚ್ಚಾದ ಹಳೆಯ ಚಿತ್ರಗಳನ್ನು ನೋಡಿ ನಕಲು ಮಾಡುತ್ತಿದ್ದ ಹದಿಮೂರರ ಹುಡುಗನನ್ನು 1949ರ ಬೇಸಿಗೆಯಲ್ಲಿ ಅದರಿಂದ ಬಿಡಿಸಿ, ಎದುರಿಗೆ ನಿಜವಾದ ವಸ್ತುಗಳನ್ನು ಇಟ್ಟು ನೋಡಿ ಬಿಡಿಸಲು ಕೂರಿಸಿದವರು ಅವರೇ. ಆ ವರ್ಷವೇ ಹುಡುಗ ಮ್ಯಾಡ್ರಿಡ್‌ಗೆ ಹೊರಟ. ಸಣ್ಣ ಊರಿನ ಸಂಗ್ರಹಾಲಯ ಮಧ್ಯಾಹ್ನ ಮುಚ್ಚುವುದು ಸಾಮಾನ್ಯ. ಬೆಳಗಿನ ಮೊದಲ ಬಸ್ಸಿಗೇ ಹೊರಟು, ಊಟದ ಹೊತ್ತಿನೊಳಗೆ ನೋಡಿ ಮುಗಿಸಿ, ಮರಳುವ ಬಸ್ಸಿನ ಸಮಯವನ್ನು ಇಳಿದ ಕೂಡಲೇ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಿ.