ಬೆನ್ನ ಮೇಲೆ ಹದಿಮೂರು ಅಂಕಿ

ಫ್ರಾಂಕ್‌ಫರ್ಟಿಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿ ನನಗೆ ಅಂಟಿದ ಚಟ ಬಿಯರಿನದಲ್ಲ, ಸೈನ್ಯದ ಹಳೆಯ ಕೈಗಡಿಯಾರಗಳದು. ಅದರಲ್ಲೂ ಕ್ರೋನೋಗ್ರಾಫ್, ಅಂದರೆ ಹೊತ್ತು ತೋರಿಸುತ್ತಲೇ ಸ್ಟಾಪ್‌ವಾಚ್ ಕೆಲಸವನ್ನೂ ಮಾಡುವಂಥದು.

ಮೂರು ವರ್ಷ ಚೀಟಿ ಕಟ್ಟಿದಂತೆ ದುಡ್ಡು ಕೂಡಿಸಿ ಕೊಂಡದ್ದು, ಹೊಯರ್ ಕಂಪನಿ ಪಶ್ಚಿಮ ಜರ್ಮನಿಯ ಸೇನೆಗೆ ಒದಗಿಸಿದ 1550 ಎಸ್‌ಜಿ. 43 ಮಿಲಿಮೀಟರ್ ಅಗಲ, ಕಪ್ಪು ಡಯಲ್, ಒಳಗೆ ಕೀ ಕೊಟ್ಟು ಓಡಿಸುವ ವಾಲ್‌ಜೂ 230 ಯಂತ್ರ. ಮಾಮೂಲಿ ಕ್ರೋನೋಗ್ರಾಫಿನಲ್ಲಿ ನಿಲ್ಲಿಸಲು, ಸೊನ್ನೆಗೆ ತರಲು, ಮತ್ತೆ ಹೊರಡಿಸಲು ಮೂರು ಸಲ ಒತ್ತಬೇಕು. ಇದರಲ್ಲಿ ಕೆಳಗಿನ ಬಟನ್ ಒಂದನ್ನು ಒತ್ತಿ ಬಿಟ್ಟರೆ ಸಾಕು, ಓಡುತ್ತಿರುವ ಮುಳ್ಳು ಸೊನ್ನೆಗೆ ಹಾರಿ ಅಲ್ಲಿಂದಲೇ ಮತ್ತೆ ಓಡುತ್ತದೆ. ತಿರುವು ತಿರುವಿಗೂ ಸೆಕೆಂಡು ಎಣಿಸುವ ಪೈಲಟ್‌ಗೆ ಮೂರು ಸಲ ಒತ್ತಲು ಪುರುಸೊತ್ತೆಲ್ಲಿ?

ಹಿಂಬದಿಯ ಮುಚ್ಚಳದಲ್ಲಿ ‘ಬುಂಡ್’, ಅಂದರೆ ಜರ್ಮನ್ ಒಕ್ಕೂಟ ಸರ್ಕಾರದ ಸ್ವತ್ತು, ಎಂದು ಕೆತ್ತಿದೆ, ಜೊತೆಗೆ ನೇಟೋ ಸೇನೆಗಳು ಸಾಮಾನಿಗೆ ಕೊಡುವ ಸಂಖ್ಯೆ 6645-12-146-3774. 6645 ಎಂದರೆ ಕಾಲ ಅಳೆಯುವ ಸಾಮಾನು, 12 ಎಂದರೆ ಜರ್ಮನಿ, ಬ್ರಿಟನ್ನಿನದಾದರೆ 99. ಕೆಎ 09 ಕಂಡೊಡನೆ ಮೈಸೂರಿನ ಗಾಡಿ ಎನ್ನುವುದಿಲ್ಲವೇ, ಹಾಗೆ. ಕಟ್ಟಿಕೊಂಡವನ ಹೆಸರು ಮಾತ್ರ ಎಲ್ಲೂ ಇಲ್ಲ.

ಡಯಲ್ ಮೇಲೆ ಕೆಂಪು ವೃತ್ತದೊಳಗೆ ‘3ಎಚ್’ ಎಂದಿದೆ. ಕತ್ತಲಲ್ಲಿ ಹೊಳೆಯಲು ಬಳಿದ, ವಿಕಿರಣ ಸೂಸುವ ಟ್ರಿಟಿಯಮ್ಮಿನ ಗುರುತು ಅದು. ಟ್ರಿಟಿಯಮ್ ಹನ್ನೆರಡು ವರ್ಷಕ್ಕೊಮ್ಮೆ ಅರ್ಧಕ್ಕರ್ಧ ಕರಗುತ್ತದೆ. ಈಗ ಮಿಣುಕೂ ಇಲ್ಲ. ನನ್ನದರ ನಿಮಿಷದ ಮುಳ್ಳಿನ ಬಣ್ಣ ಗಂಟೆಯ ಮುಳ್ಳಿನದಕ್ಕಿಂತ ಬೆಳ್ಳಗಿದೆ, ಯಾರೋ ಯಾವಾಗಲೋ ಬದಲಿಸಿದ್ದಾರೆ. ಇಲ್ಲಿನ ಸಂಗ್ರಾಹಕರೊಬ್ಬರು ಭೂತಗನ್ನಡಿ ಹಿಡಿದು ನೋಡಿ, ಮದುವೆಗೆ ಬಂದ ಜಾತಕದಲ್ಲಿ ದೋಷ ಕಂಡವರಂತೆ ಮುಖ ಮಾಡಿದರು. ನನಗೆ ನಗು ಬಂತು. ಇದು ಉಗ್ರಾಣದ ಸಾಮಾನು. ಕೆಟ್ಟಾಗ ರಿಪೇರಿಯವನು ಕೈಗೆ ಸಿಕ್ಕ ಮುಳ್ಳು ಹಾಕಿರುತ್ತಾನೆ. ಇದೇ ಊರಿನ ಹೆಲ್ಮುಟ್ ಸಿನ್, ಸ್ವತಃ ಪೈಲಟ್, ಸೇನೆ ಕೈಬಿಟ್ಟ ಇಂಥವನ್ನೇ ಸರಿಪಡಿಸಿ ಡಯಲ್ ಮೇಲೆ ತನ್ನ ಹೆಸರು ಹಾಕಿ ಮಾರಿದರು. ಇಂದು ಅವಕ್ಕೂ ಜನ ಮುಗಿಬೀಳುತ್ತಾರೆ! ಆ ಬಿಳಿ ಮುಳ್ಳಿನ ದೆಸೆಯಿಂದಲೇ ನನಗೆ ಬೆಲೆಯೂ ಇಳಿಯಿತೆನ್ನಿ.

ವಿಡಿಯೋ ಕರೆಯಲ್ಲಿ ತೋರಿಸಿದಾಗ ಅಮ್ಮ, “ಯಾರು ಕಟ್ಟಿದ್ದೋ ಏನೋ, ಮೊದಲು ಅರಿಶಿನದ ನೀರಿನಲ್ಲಿ ತೊಳೆ” ಎಂದರು. ಒಳಗೆ ನೀರು ಹೋಗದಂತೆ ತಡೆಯುವ ಐವತ್ತು ವರ್ಷದ ರಬ್ಬರಿನ ಮೇಲೆ ನಂಬಿಕೆಯಿಲ್ಲದೆ ತೊಳೆಯಲಿಲ್ಲ. ಆಯುಧಪೂಜೆಗೆ ಸೈಕಲ್ಲಿನ ಪಕ್ಕದಲ್ಲಿ ಇಟ್ಟೆ. ಕುಂಕುಮದ ಪುಡಿ ಬಟನ್ ಸಂದಿಗೆ ಹೋದೀತೆಂದು ಬರೀ ಸೇವಂತಿಗೆ ಏರಿಸಿದೆ.