ಮಳೆ ಮುಗಿದ ಮೇಲೆ ತೊಟ್ಟಿಕ್ಕಿದ ಮಾಡು: ತಾರಸಿ ಫಾಯಿಲ್ ಕೆಲಸದ ಮುಂದಿನ ಕಂತು

ಬಿಸಿಲಿನ ಕಾವು ಮನೆಯೊಳಗೆ ಇಳಿಯದಿರಲೆಂದು ತಾರಸಿಯ ಮೇಲಿನ ಶೀಟ್ ಮಾಡಿನ ಅಡಿಗೆ ನಾನು ಅಲ್ಯೂಮಿನಿಯಂ ಫಾಯಿಲ್ ಕಟ್ಟಿದ್ದು ಬೇಸಿಗೆಯಲ್ಲಿ ಸರಿಯಾಗಿಯೇ ಕೆಲಸ ಮಾಡಿತ್ತು. ಏಪ್ರಿಲ್ ಮಧ್ಯಾಹ್ನ ಶೀಟಿನ ಮೈ ಕೈಯಿಡಲಾರದಷ್ಟು ಕಾದಿದ್ದರೂ ಕೆಳಗಿನ ಕೋಣೆಯ ಫ್ಯಾನ್ ಬಿಸಿಗಾಳಿ ಸುರಿಯಲಿಲ್ಲ. ತೀರ್ಥಹಳ್ಳಿ ಕಡೆಯ ಆಷಾಢದ ಗಾಳಿಮಳೆಯನ್ನೂ ಮಾಡು ಒಂದು ಹನಿ ಒಳಬಿಡದೆ ತಡೆದುಕೊಂಡಿತು. ಆದರೆ ಮಳೆಯೆಲ್ಲ ಮುಗಿದು, ಆಕಾಶ ತೊಳೆದಿಟ್ಟಂತಿದ್ದ ಡಿಸೆಂಬರಿನ ಬೆಳಗಿನ ಜಾವಗಳಲ್ಲಿ ಅದೇ ಮಾಡು ತೊಟ್ಟಿಕ್ಕತೊಡಗಿತು. ಹನಿ ಬಿದ್ದದ್ದು ಸಂಜೆ ಶೀಟಿನಡಿಗೆ ಎಳೆದಿಟ್ಟಿದ್ದ ಬೇಯಿಸಿದ ಅಡಿಕೆಯ ಮೇಲೆ. ಈ ಹವ್ಯಾಸಕ್ಕೆ ಮನೆಯಲ್ಲಿ ಇದ್ದ ಅಲ್ಪಸ್ವಲ್ಪ ಬೆಂಬಲವೂ ಅಡಿಕೆಗೆ ಹಿಡಿದ ಬೂಸ್ಟಿನೊಂದಿಗೆ ಹೊರಟುಹೋಯಿತು.

ಶೀಟ್ ಕೊಟ್ಟ ಅಂಗಡಿಯವರು ಫೋನಿನಲ್ಲೇ ರೋಗ ಪತ್ತೆಹಚ್ಚಿ, ಸ್ಕ್ರೂಗಳ ರಬ್ಬರ್ ವಾಷರ್ ಹೋಗಿದೆ, ಸಿಲಿಕೋನ್ ಹಚ್ಚಿಸಿ ಎಂದರು. ಜುಲೈ ತಿಂಗಳಿಡೀ ಸೋರದ ವಾಷರ್ ಡಿಸೆಂಬರಿನಲ್ಲಿ ಹೇಗೆ ಸೋರುತ್ತದೆ ಎಂಬ ಪ್ರಶ್ನೆಗೆ ಅವರಲ್ಲಿದ್ದ ಉತ್ತರ ಇನ್ನೂ ದುಬಾರಿಯ ಸಿಲಿಕೋನ್ ಒಂದೇ. ಇದು ಮಳೆಯ ನೀರಲ್ಲ, ಇಬ್ಬನಿಯ ನೀರು ಎಂಬುದು ಶೀಟಿನ ಒಳಮೈಯನ್ನು ಬೆರಳಿನಿಂದ ಸವರಿದರೇ ತಿಳಿಯುತ್ತಿತ್ತು. ಸ್ಕ್ರೂಗಳ ಸುತ್ತ ಮಾತ್ರವಲ್ಲ, ಇಡೀ ಮೈಗೆ ಸಣ್ಣ ಹನಿಗಳು ಒತ್ತೊತ್ತಾಗಿ ಹತ್ತಿಕೊಂಡಿದ್ದವು.

ಮುಂದಿನ ಅನುಮಾನ ಅಡಿಕೆ ಬೇಯಿಸುವ ಹಂಡೆಯ ಹಬೆಯ ಮೇಲೆ ಹೋಯಿತು. ಒಲೆಯ ಕಡೆಯ ಮೆಟ್ಟಿಲ ಬಾಯಿಯನ್ನು ಹಲಗೆಯಿಂದ ಮುಚ್ಚಿದಾಗ ಹನಿ ಸ್ವಲ್ಪ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಗಾಳಿಯಾಟ ಸಾಲದೆಂದು ಮಾಡಿನ ನೆತ್ತಿಯ, ಅಂದರೆ ಕೋಡಿನ, ಸಂದನ್ನು ಅಗಲ ಮಾಡಿದರೆ ತೊಟ್ಟಿಕ್ಕುವುದು ಜಾಸ್ತಿಯೇ ಆಯಿತು. ಪುಸ್ತಕದ ಪ್ರಕಾರ ತೇವಕ್ಕೆ ಗಾಳಿಯೇ ಮದ್ದು. ಆದರೆ ಬೆಳಗಿನ ಜಾವ ನಮ್ಮಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ. 25 ಡಿಗ್ರಿಯ ಗಾಳಿ ಘನ ಮೀಟರಿಗೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, 15 ಡಿಗ್ರಿಯಲ್ಲಿ 13 ಗ್ರಾಂ ಅಷ್ಟೇ. ಉಳಿದದ್ದು ಎಲ್ಲೋ ಒಂದು ಕಡೆ ನೀರಾಗಿ ಕೂರಲೇಬೇಕು, ಮತ್ತು ಅದು ಹುಡುಕುವುದು ಎಲ್ಲಕ್ಕಿಂತ ತಣ್ಣಗಿರುವ ಮೈಯನ್ನು. ಸ್ವಚ್ಛ ಆಕಾಶದ ರಾತ್ರಿ ಶೀಟು ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದರಡಿಗೆ ಹೊಸ ಗಾಳಿಯನ್ನು ಹರಿಸಿದಷ್ಟೂ ಅದಕ್ಕೆ ಹೊಸ ನೀರನ್ನು ಒದಗಿಸಿದಂತೆಯೇ.

ಇಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯಿತು: ಫಾಯಿಲ್ ಹಾಕುವ ಮೊದಲಿನ ಚಳಿಗಾಲಗಳಲ್ಲಿ ಇದೇ ಶೀಟು ಏಕೆ ತೊಟ್ಟಿಕ್ಕಲಿಲ್ಲ? ಉತ್ತರ ಸಿಕ್ಕಿದ್ದು ಫಾಯಿಲ್ ಪೂರೈಸಿದವರ ಕೃಪೆಯಿಂದ. ಹಣ ಪಡೆದು ಅವರು ಕಳುಹಿಸಬೇಕಿದ್ದ ಕೊನೆಯ ರೋಲ್ ಇಂದಿಗೂ ದಾರಿಯಲ್ಲೇ ಇದೆಯಂತೆ; ಅಷ್ಟು ಹೊತ್ತಿಗೆ ನಡೆದುಕೊಂಡೇ ಶಿವಮೊಗ್ಗ ಮುಟ್ಟಬಹುದಿತ್ತು. ಹೀಗಾಗಿ ಮಾಡಿನ ಪಡುವಣ ತುದಿ ಫಾಯಿಲ್ ಇಲ್ಲದೆ ಉಳಿದು, ಕೇಳದೆಯೇ ಹೋಲಿಕೆಯ ಪ್ರಯೋಗವೊಂದು ಸಿದ್ಧವಾಗಿತ್ತು. ಎರಡೂ ಭಾಗಗಳ ಶೀಟಿನ ಒಳಮೈಗೆ ತಾಪ ಅಳೆಯುವ ಡಿಎಸ್18ಬಿ20 ಸೆನ್ಸರುಗಳನ್ನು ಅಂಟಿಸಿ ರಾತ್ರಿಯಿಡೀ ದಾಖಲಿಸಿದೆ. ತೇವಾಂಶ ಅಳೆಯಲು ಡಿಎಚ್‌ಟಿ22 ಎಂಬ ಸೆನ್ಸರನ್ನು ನೆಚ್ಚಬೇಡಿ. ನಮ್ಮ ಹವೆಯಲ್ಲಿ ಅದು ಶೇಕಡಾ 99.9ಕ್ಕೆ ಹೋಗಿ ಕೂತರೆ ಮತ್ತೆ ಏಳುವುದಿಲ್ಲ. ಬೆಳಗಿನ ಜಾವದ ಹೊತ್ತಿಗೆ ಫಾಯಿಲ್ ಇದ್ದ ಕಡೆಯ ಶೀಟು ಇಲ್ಲದ ಕಡೆಗಿಂತ ಎರಡು ಡಿಗ್ರಿಗೂ ಹೆಚ್ಚು ತಣ್ಣಗಿತ್ತು. ಫಾಯಿಲ್ ಇಲ್ಲದ ತುದಿ ಬರೀ ಮಂಜು ಹಿಡಿದಂತೆ ಮಸುಕಾಗಿತ್ತು, ಇದ್ದ ಕಡೆ ಹನಿಗಟ್ಟಿ ಇಳಿಯುತ್ತಿತ್ತು.

ಹಗಲಿಡೀ ಬೆಚ್ಚಗಾದ ಕಾಂಕ್ರೀಟು ಇರುಳಿನಲ್ಲಿ ಮೇಲಕ್ಕೆ ಶಾಖ ಸೂಸುತ್ತ ಶೀಟನ್ನು ತುಸು ಬೆಚ್ಚಗಿಡುತ್ತದೆ. ಶಾಖವನ್ನು ಸೂಸುವ ಗುಣಕ್ಕೆ ಸೊನ್ನೆಯಿಂದ ಒಂದರವರೆಗೆ ಅಂಕ ಕೊಟ್ಟರೆ ಕಾಂಕ್ರೀಟಿನದು ಸುಮಾರು 0.9, ಹೊಳೆಯುವ ಅಲ್ಯೂಮಿನಿಯಮ್ಮಿನದು 0.05ರ ಆಸುಪಾಸು. ನಡುವೆ ಫಾಯಿಲ್ ಬಂದರೆ ಆ ದಾರಿ ಎರಡೂ ದಿಕ್ಕಿನಲ್ಲಿ ಮುಚ್ಚುತ್ತದೆ. ಮೇ ತಿಂಗಳಲ್ಲಿ ಶೀಟಿನ ಬಿಸಿಯನ್ನು ಕೆಳಗಿಳಿಯಗೊಡದ ಫಾಯಿಲ್, ಡಿಸೆಂಬರಿನಲ್ಲಿ ತಾರಸಿಯ ಬೆಚ್ಚನೆಯನ್ನು ಶೀಟಿಗೆ ತಲುಪಗೊಡುವುದಿಲ್ಲ. ಅಂದರೆ ಫಾಯಿಲ್ ಎಷ್ಟು ಚೆನ್ನಾಗಿ ಕೆಲಸ ಮಾಡಿದರೆ ಶೀಟು ಅಷ್ಟೇ ಚೆನ್ನಾಗಿ ಬೆವರುತ್ತದೆ. ಮಾರುವವರ ಕರಪತ್ರದಲ್ಲಿ ಈ ಸಾಲು ಮುದ್ರಣವಾಗಿಲ್ಲ.

ಹಾಗೆಂದು ಫಾಯಿಲ್ ಕಿತ್ತೆಸೆಯುವ ಮಾತಿಲ್ಲ. ಮನೆಗಳ ಇಂಧನ ಉಳಿತಾಯಕ್ಕೆಂದು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ಮನೆಯ ಚಾವಣಿಯ ಯು ಮೌಲ್ಯಕ್ಕೆ (ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂಬುದರ ಅಳತೆ) ಹಾಕಿದ್ದ ಮಿತಿ 1.2, ಬರೀ ಕಾಂಕ್ರೀಟ್ ತಾರಸಿಯದು ಅದರ ಎರಡು ಪಟ್ಟಿಗೂ ಹೆಚ್ಚು. ಗ್ಲಾಸ್‌ವೂಲ್ (ಗಾಜಿನ ಎಳೆಗಳ ಉಣ್ಣೆ) ಹಾಸಿ ಎನ್ನುವವರಿದ್ದಾರೆ. ನಿಂತ ಗಾಳಿಯ ಉಷ್ಣವಾಹಕತೆ 0.026, ನೀರಿನದು 0.6, ಉಣ್ಣೆಯ ಸಂದುಗಳಲ್ಲಿ ಗಾಳಿಯ ಬದಲು ನೀರು ಕೂತರೆ ಆ ದುಡ್ಡು ಹೋದಂತೆಯೇ, ಮತ್ತು ಮಲೆನಾಡಿನಲ್ಲಿ ಅಲ್ಲಿ ಗಾಳಿಯೇ ಉಳಿದೀತು ಎಂಬ ಭರವಸೆ ನನಗಿಲ್ಲ.

ಆದ್ದರಿಂದ ಇಬ್ಬನಿಯನ್ನು ತಡೆಯುವ ಹಟ ಬಿಟ್ಟು ಅದಕ್ಕೆ ದಾರಿ ಮಾಡಿಕೊಡುವ ಕೆಲಸ ಹಿಡಿದಿದ್ದೇನೆ. ಕೆಲಸದವರು ಅನುಕೂಲಕ್ಕೆಂದು ಫಾಯಿಲನ್ನು ಕೋಡಿನಿಂದ ಕೆಳಕ್ಕೆ ಕಟ್ಟುತ್ತ ಬಂದಿದ್ದರಿಂದ ಮೇಲಿನ ಹಾಳೆಯ ಅಂಚು ಕೆಳಗಿನದರ ಅಡಿಗೆ ಸೇರಿ, ಪ್ರತಿ ಜೋಡಣೆಯೂ ನೀರಿಗೆ ಬಾಗಿಲಾಗಿತ್ತು. ಅದನ್ನು ಬಿಚ್ಚಿ, ಹಂಚು ಹೊದಿಸುವ ಕ್ರಮದಲ್ಲಿ ಸೂರಿನ ಕಡೆಯಿಂದ ಮೇಲಕ್ಕೆ ಕಟ್ಟಿದೆ. ಮೇಲಿನದು ಕೆಳಗಿನದರ ಮೇಲೆ ಒಂದು ಗೇಣು ಹತ್ತುವಂತೆ, ಶೀಟಿಗೂ ಫಾಯಿಲಿಗೂ ನಡುವೆ ರೀಪಿನಷ್ಟು ಸಂದು ಉಳಿಯುವಂತೆ. ಫಾಯಿಲ್ ವಿದ್ಯುತ್ತನ್ನು ಹರಿಸುತ್ತದೆಂಬುದನ್ನು ಮರೆಯದೆ, ಅದರ ಹತ್ತಿರದ ವೈರುಗಳನ್ನು ಮೊದಲೇ ಪೈಪಿನೊಳಗೆ ಸೇರಿಸಿದ್ದೆ. ಶೀಟಿನಿಂದ ಬಿದ್ದ ಹನಿ ಈಗ ಫಾಯಿಲಿನ ಬೆನ್ನ ಮೇಲೆ ಜಾರಿ ಸೂರಿನ ಅಂಚಿಗೆ ಹೋಗುತ್ತದೆ. ಒದ್ದೆಯಾದ ಮೇಲ್ಮುಖಕ್ಕೆ ಆ ಹೊತ್ತಿನ ಮಟ್ಟಿಗೆ ಹೊಳಪಿನ ಗುಣ ಇರುವುದಿಲ್ಲ, ಅದಕ್ಕೆ ಧೂಳೂ ಕೂರುತ್ತದೆ. ಆದರೆ ಕೆಳಮುಖದ ಹೊಳಪು ಹಾಗೆಯೇ ಉಳಿದು ಬೇಸಿಗೆಯ ಕೆಲಸವನ್ನು ನಡೆಸುತ್ತದೆ.

ಎರಡು ವಿಷಯ ಬಾಕಿ ಇವೆ. ಅಗಲ ಮಾಡಿದ ಕೋಡಿನ ಸಂದಿನಿಂದ ಬೇಸಿಗೆಯಲ್ಲಿ ಬಿಸಿಗಾಳಿ ಹೊರಹೋಗಬೇಕು, ಜೂನಿನಲ್ಲಿ ಇರಚಲು ಒಳಬರಬಾರದು. ಅದಕ್ಕೆ ಎರಡೂ ಕಡೆ ಇಳಿಬಿದ್ದ ಆಳದ ಟೋಪಿಯೊಂದನ್ನು ತಗಡಿನಲ್ಲಿ ಮಡಿಸಲು ಕೊಟ್ಟಿದ್ದೇನೆ. ಇನ್ನೊಂದು ಸೂರಿನಂಚಿನ ನೀರು ಹರಿಯುವ ದೋಣಿಯ ಕ್ಲಾಂಪುಗಳದ್ದು. ಅಂಗಡಿಯವರು ಕಳುಹಿಸಿದ ಅಳತೆ ದೋಣಿಗೂ ಹೊಂದುವುದಿಲ್ಲ, ಪಕಾಸಿಗೂ ಹೊಂದುವುದಿಲ್ಲ. ಸದ್ಯ ಅವು ಬಚ್ಚಲ ಗೋಡೆಯಲ್ಲಿ ಟವೆಲ್ ಹಿಡಿದುಕೊಂಡಿವೆ.